ತೊಖ್ತಾರನ ಮುಚ್ಚಿದ ಕಣ್ಣು

ಜರ್ಮನ್ ಚಿತ್ರಗಾರ ಹೊಸ ಹಾಳೆ ತೆಗೆದು, ಸಲಂಬಿಯ ತಲೆಯತ್ತ ಬೆರಳು ತೋರಿಸಿ ರಷ್ಯನ್‌ನಲ್ಲಿ ಏನೋ ಹೇಳಿದ. ಅವಳ ಮಾವ ತೊಖ್ತಾರನ ಮುಖ ಕಪ್ಪಿಟ್ಟಿತು.

"ಏನಂತೆ ಮಾವ?"

"ಟೊಪ್ಪಿಗೆ ತೆಗೀಬೇಕಂತೆ. ನಮ್ಮ ಚುವಾಶ್ ಹೆಂಗಸರ ಜಡೆಯ ಚಿತ್ರ, ರಷ್ಯಾದ ರಾಣಿ ಮಾಡಿಸೋ ಪುಸ್ತಕಕ್ಕೆ ಬೇಕಂತೆ."

"ಹಂಗಾದ್ರೆ ನೀವು ಆಚೆ ಹೋಗಿ."

ಬೆಳ್ಳಿ ಬಿಲ್ಲೆಗಳ ಆ ಟೊಪ್ಪಿಗೆಯಿಲ್ಲದೆ ಸಲಂಬಿ ಆರು ವರ್ಷದಲ್ಲಿ ಒಮ್ಮೆಯೂ ಮಾವನ ಎದುರು ಸುಳಿದವಳಲ್ಲ. ಸೊಸೆಯ ಬರಿದಲೆ ಮಾವನ ಕಣ್ಣಿಗೆ ಬಿದ್ದರೆ ಅವಳು ಆ ಮನೆ ಬಿಟ್ಟು ತವರಿಗೆ ಹೋಗಬೇಕು, ಆ ಊರಿನ ಕಟ್ಟಳೆ ಅದು. ಮಗನನ್ನು ಸೈನ್ಯ ಎಳೆದುಕೊಂಡು ಹೋದ ಮೇಲೆ ತೊಖ್ತಾರನಿಗೆ ಉಳಿದವಳು ಅವಳೊಬ್ಬಳೇ.

ಅವನು ಎದ್ದ. ಬಾಗಿಲಲ್ಲಿದ್ದ ಕಾವಲಿನ ಕೊಸಾಕ್ ಸಿಪಾಯಿ ಯೆರೆಮೇಯ್ ಅವನ ಎದೆಗೆ ಕೈಯಿಟ್ಟು ದಬ್ಬಿದ.

"ಎಲ್ಲಿಗೋ ಮುದುಕಪ್ಪ? ಒಡವೆಗಳ ಹೆಸರು ಹೇಳೋರ್ಯಾರು, ನಿಮ್ಮ ಹಂದೀನಾ?"

ಊರಲ್ಲಿ ರಷ್ಯನ್ ಬಲ್ಲವನು ತೊಖ್ತಾರ ಮಾತ್ರ. ಅವನು ಕೂತು ಕಣ್ಣು ಮುಚ್ಚಿದ.

ಯೆರೆಮೇಯ್ ಟೊಪ್ಪಿಗೆ ಕಿತ್ತು ದಾರ ಹರಿದ ಸದ್ದು ಕೇಳಿಸಿತು. ಬಿಲ್ಲೆಗಳು ನೆಲದ ಮೇಲೆ ಉರುಳಿದವು. ಸಲಂಬಿ ಚೀರಿದಳು.

"ನೋಡೋ! ಇದರ ಹೆಸರೇನು?" ಯೆರೆಮೇಯ್ ಗದರಿದ.

"ಕೈಗೆ ಕೊಡು, ಮುಟ್ಟಿ ಹೇಳ್ತೀನಿ."

"ಸಾಹೇಬರ ಮುಂದೆ ಕೊಬ್ಬು ತೋರಿಸ್ತೀಯಾ?"

ತುದಿಗೆ ಸೀಸ ಕಟ್ಟಿದ ಚಾಟಿ ಹೆಗಲಿಗೆ ಬಿತ್ತು, ಆಮೇಲೆ ಕೆನ್ನೆಗೆ. ಹಲ್ಲೊಂದು ನಾಲಿಗೆಯ ಮೇಲೆ ಬಂತು. ತೊಖ್ತಾರ ಅದನ್ನು ಉಗಿದು ರೆಪ್ಪೆಗಳನ್ನು ಇನ್ನಷ್ಟು ಬಿಗಿಹಿಡಿದ. ಮೂರನೆಯ ಏಟು ಬಲಗಣ್ಣಿನ ಮೇಲೇ ಬಿತ್ತು. ಗಲ್ಲದ ಮೇಲೆ ಬೆಚ್ಚಗೆ ಏನೋ ಇಳಿಯಿತು.

"ಸಾಕು, ಸಾಕು," ಅಂದ ಜರ್ಮನ್. ಅವನ ಸೀಸದಕಡ್ಡಿ ಮಾತ್ರ ಹಾಳೆಯ ಮೇಲೆ ಕೆರೆಯುತ್ತಲೇ ಇತ್ತು.

ಅಷ್ಟರಲ್ಲಿ ಸಲಂಬಿಯ ಹೆಜ್ಜೆ ಒಲೆಯತ್ತ ಓಡಿತು. ಒಲೆಯ ಮೇಲೆ ತೂಗಿದ್ದ ಬಿಯರ್ ಕಾಯಿಸುವ ಕೊಪ್ಪರಿಗೆಯ ಸರಪಳಿ ಕಿರುಗುಟ್ಟಿತು. ಕುದಿಯುವ ಮೊಳಕೆಬಾರ್ಲಿಯ ರಸ ಚೆಲ್ಲಿದ ಸದ್ದು. ಯೆರೆಮೇಯ್ ಕೊರಳು ಕೊಯ್ದ ಎತ್ತಿನಂತೆ ಅರಚಿ ಬಿದ್ದ. ಅವನ ಕಾಲುಗಳು ನೆಲ ಬಡಿಯುತ್ತಿದ್ದವು.

"ಕೊಡೋ ಆ ಹಾಳೆನ, ಕಳ್ಳ!" ಸಲಂಬಿ ಜರ್ಮನ್‌ನ ಮೇಲೆ ಕೂಗಿದಳು.

ಕಾಗದ ಹರಿಯಿತು. ಒಲೆ ಭಗ್ಗೆಂದಿತು. ಜರ್ಮನ್‌ನ ಬೂಟುಗಳೂ ಯೆರೆಮೇಯ್‌ನ ನರಳಾಟವೂ ಬಾಗಿಲು ದಾಟಿ ಹೋದವು.

ತೊಖ್ತಾರ ಆಗಲೂ ಕಣ್ಣು ಬಿಡಲಿಲ್ಲ. ಸಲಂಬಿ ಏದುಸಿರು ಬಿಡುತ್ತ ನೆಲ ತಡಕುತ್ತಿದ್ದಳು. ಬಿಲ್ಲೆಗಳು ಘಲ್ಲೆಂದವು.

"ಕಟ್ಟಿಕೊಂಡೆ ಮಾವ. ಬಿಡಿ ಕಣ್ಣು."

ಎಡಗಣ್ಣು ತೆರೆಯಿತು. ಟೊಪ್ಪಿಗೆ ಅರ್ಧ ಬೋಳಾಗಿ, ಅವಳ ಕಿವಿಯ ಬಳಿ ರಕ್ತವಿತ್ತು. ಬಲಗಡೆ ಅವನು ಕೈಯಿಟ್ಟು ನೋಡಿಕೊಂಡ. ರೆಪ್ಪೆಯಡಿ ಏನೂ ಉಳಿದಿರಲಿಲ್ಲ.

"ಗಾಡಿ ಕಟ್ಟು," ಅಂದ. "ಅವರು ತಿರುಗಿ ಬರೋದ್ರೊಳಗೆ ಇಬ್ಬರೂ ಹೋಗೋಣ."