ಕದಲಿಸಿದ ಚೀಟಿ

ಅತ್ತಿಗೆ ಬಾಗಿಲು ತಟ್ಟಲಿಲ್ಲ, ತಳ್ಳಿಕೊಂಡೇ ಒಳಬಂದಳು. ಮೈದುನ ಪರದೆಯಿಂದ ಕಣ್ಣು ಕೀಳದೆ, "ಕಾಫಿ ತಂದ್ರಾ?" ಎಂದ.

"ವಿಷ ತರೋಣ ಅಂದ್ಕೊಂಡೆ, ಲೋಟ ತೊಳೆದಿರ್ಲಿಲ್ಲ."

ಕನ್ನಡಕದ ಗಾಜು ಕೊರೆಯುವ ಯಂತ್ರಗಳನ್ನು ನಡೆಸುವ ತಂತ್ರಾಂಶವೊಂದನ್ನು ಇಬ್ಬರೂ ಸೇರಿ ಸಾಕುತ್ತಿದ್ದರು. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು. ಹೊಸ ಆವೃತ್ತಿ ಹೊರಬಿದ್ದಾಗಲೆಲ್ಲ ಅದಕ್ಕೊಂದು ಅಂಕಿಯ ಟ್ಯಾಗು, ಅಂದರೆ ಹೆಸರಿನ ಚೀಟಿ. ಅಂಟಿಸಿದ ಚೀಟಿಯನ್ನು ಕದಲಿಸುವಂತಿಲ್ಲ. ಮೊದಲ ಕೂಸು ಮೆಳ್ಳಗಣ್ಣಾದರೂ ಹೆಸರು ಅದರದೇ. ಚೆಲುವಾಗಿ ಹುಟ್ಟಿದ ಎರಡನೆಯದಕ್ಕೆ ಬೇರೆ ಹೆಸರು ಹುಡುಕಬೇಕು. ಈ ಕಸುಬಿನ ಕಟ್ಟಳೆ ಅದು.

ಮೈದುನ ಬರೆದ ನಾಲ್ಕನೇ ಆವೃತ್ತಿ ಎಡಗಣ್ಣಿನ ಗಾಜಿಗೆ ಬೇಕಾದ ಓರೆಯನ್ನು ಬಲಗಣ್ಣಿನ ಗಾಜಿಗೆ ಕೊರೆದಿತ್ತು. ಅವನು ತಪ್ಪು ತಿದ್ದಿದ, ಆದರೆ ತಿದ್ದಿದ್ದನ್ನು ಐದು ಎನ್ನಲಿಲ್ಲ. ನಾಲ್ಕರ ಚೀಟಿಯನ್ನೇ ಕಿತ್ತು ತಿದ್ದಿದ್ದಕ್ಕೆ ಅಂಟಿಸಿದ.

ಬೆಳಿಗ್ಗೆ ಗಾಜು ಕೊರೆಯುವವನೊಬ್ಬ ಅತ್ತಿಗೆಗೆ ಫೋನು ಮಾಡಿ ಗೋಗರೆದಿದ್ದ: "ಅಕ್ಕಾ, ಗಾಜು ಕೆಟ್ಟಿದ್ದು ಯಂತ್ರದ ತಪ್ಪು ಅಂದ್ರೆ ಯಜಮಾನ್ರು ನಾಲ್ಕನ್ನೇ ಮತ್ತೆ ಇಳಿಸಿ ತೋರಿಸ್ತಾರೆ, ಸರಿಯಾಗೇ ಕೊರೆಯುತ್ತೆ! ಕೆಲಸ ಬಿಡು ಅಂತಿದಾರೆ."

"ನಾಲ್ಕರ ಚೀಟಿ ಇದ್ದಲ್ಲೇ ಇರ್ಬೇಕು," ಎಂದಳು ಅತ್ತಿಗೆ.

"ನಾನೇನೂ ಕದಲಿಸಿಲ್ಲ!" ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡ.

"ಕದಲಿಸಿದೆ ಅಂತ ನಾನೆಲ್ಲಿ ಅಂದೆ? ನನ್ನ ಕಂಪ್ಯೂಟರ್ ಅಂತು. ನನ್ನ ಹತ್ರ ಹಳೇ ನಾಲ್ಕು ಇದೆ, ಅದೇ ಹೆಸರಿನ ನಿನ್ನ ಹೊಸದನ್ನ ಒಳಗೇ ಬಿಟ್ಕೊಳ್ತಿಲ್ಲ."

"ಸರಿಮಾಡಿದೀನಲ್ಲ ಅತ್ತಿಗೆ, ಯಾರಿಗೇನು ನಷ್ಟ?"

ಅವಳು ಎದೆ ಮುಂದೆ ಮಾಡಿ, ಸಭೆಗಳಲ್ಲಿ ಅವನು ಮೂಗಿನಿಂದ ಎಳೆಯುವ ರಾಗವನ್ನೇ ಎಳೆದಳು: "'ನಮ್ಮಲ್ಲಿ ಎಲ್ಲಾ ಪಾರದರ್ಶಕ, ಸ್ನೇಹಿತರೇ…' ಗಾಜಿನವನ ಅನ್ನ ಕಿತ್ಕೊಳ್ಳೋದೂ ಪಾರದರ್ಶಕಾನೇನೋ?"

ಮೈದುನನ ಕಿವಿ ಕೆಂಪೇರಿತು. "ಅಣ್ಣನಿಗೆ ಹೇಳ್ತೀನಿ."

"ಹೇಳು. ನಿಮ್ಮಣ್ಣ ತಲೆ ಮೇಲಿರೋ ಕನ್ನಡಕ ಹುಡುಕೋಕೇ ಮಧ್ಯಾಹ್ನ ಮಾಡ್ತಾರೆ. ನಿನ್ನ ಮಾನ ಎಲ್ಲಿ ಹುಡುಕ್ತಾರೆ?"

ಅವನು ಕೀಲಿಮಣೆ ಕುಟ್ಟಿದ. "ನಿಮ್ಮ ಅಧಿಕಾರ ತೆಗೆದಿದೀನಿ. ಇನ್ನು ತಂತ್ರಾಂಶದ ಭಂಡಾರಕ್ಕೆ ನೀವು ಕೈ ಹಾಕೋ ಹಾಗಿಲ್ಲ. ಹೊರಡಿ."

ಅವಳು ಹೊರಟಳು. ತನ್ನಲ್ಲಿದ್ದ ಹಳೆಯ ನಾಲ್ಕನ್ನು ತೋರಿಸಿದರೆ, ನೀವೇ ಸೃಷ್ಟಿಸಿದ್ದು ಅಂದಾನು ಮೈದುನ. ಆದ್ದರಿಂದ ಬಳಕೆದಾರರೆಲ್ಲ ಓದುವ ಚರ್ಚೆಯ ಪುಟದಲ್ಲಿ ಬರೆದಳು: "ನಾಲ್ಕು ಬಂದ ದಿನವೇ ಇಳಿಸಿಕೊಂಡವರು, ನಿಮ್ಮಲ್ಲಿ ಆ ಚೀಟಿ ಯಾವುದಕ್ಕೆ ಅಂಟಿದೆ, ದಯವಿಟ್ಟು ತೋರಿಸಿ."

ಗುರುತು ಪರಿಚಯವಿಲ್ಲದ ಅಂಗಡಿಯವರು ತಂತಮ್ಮ ನಕಲು ತೆರೆದು ಒಬ್ಬರ ಹಿಂದೊಬ್ಬರು ತೋರಿಸತೊಡಗಿದರು. ಎಲ್ಲರದೂ ಮೆಳ್ಳಗಣ್ಣಿನ ಕೂಸೇ. ಗಾಜು ಕೊರೆಯುವವನು ಆ ಪುಟವನ್ನು ಯಜಮಾನನ ಮೂಗಿನ ಕೆಳಗೆ ಹಿಡಿದ; ಕೆಲಸ ಉಳಿಯಿತು.

ಮೈದುನ ಅಡುಗೆಮನೆಯ ಹೊಸ್ತಿಲಿಗೆ ಬಂದು ಗುಡುಗಿದ: "ಮನೆ ಮಾನ ಬೀದಿಗೆ ಹಾಕಿದ್ರಿ!"

"ಊರಿಗೆಲ್ಲ ನಕಲು ಹಂಚಿದವನು ನೀನೇ ಕಣೋ. ಹೋಗು, ಮನೆಮನೆಗೂ ಹೋಗಿ ಕಿತ್ಕೊಂಡು ಬಾ."

ಅವನು ಚೀಟಿಯನ್ನು ಹಳೆಯ ಜಾಗಕ್ಕೆ ಅಂಟಿಸಿದ. ಅವಳ ಅಧಿಕಾರ ಮರಳಿಸಲಿಲ್ಲ. ಅವಳೂ ಕೇಳಲಿಲ್ಲ, ತನ್ನೊಬ್ಬಳಿಗೇ ಕಾಫಿ ಮಾಡಿಕೊಂಡಳು.