ಹೆಸರಿಲ್ಲದ ಕೆಂಪು ಕಂಬ

ಡಸ್ಟರ್ ಮೇಜಿನ ಮೇಲೆ ಬಿತ್ತು. ಸೀಮೆಸುಣ್ಣದ ಪುಡಿ ಎದ್ದು ಮುಂದಿನ ಬೆಂಚಿನವರ ಮೂಗಿಗೆ ಹೋಯಿತು. ಬಂದ ಸೀನನ್ನು ಇಬ್ಬರು ಭಯಕ್ಕೆ ನುಂಗಿಕೊಂಡರು.

“ಬಾಯ್ಮುಚ್ಚಿ!”

ವಿಜ್ಞಾನದ ಮೇಷ್ಟ್ರ ಈ ಒಂದು ಮಾತು ಒಂಬತ್ತನೇ ಸಿ ತರಗತಿಯ ಗೋಡೆಗಳಿಗೆ ಬಡಿದು, ಕಾರಿಡಾರಿಗೆ ಹಾರಿ, ಮೆಟ್ಟಿಲಿಳಿದು, ಗೇಟಿನಲ್ಲಿ ತೂಕಡಿಸುವ ಕಾವಲುಗಾರನನ್ನು ಎಬ್ಬಿಸಿ ಬರುತ್ತದೆ ಎಂದು ಶಾಲೆಯಲ್ಲಿ ಪ್ರತೀತಿ. ಮಕ್ಕಳು ಅವರಿಗೆ ‘ಗುಡುಗು’ ಎಂದು ಹೆಸರಿಟ್ಟಿದ್ದರು. ಮೇಷ್ಟ್ರಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವರಂತೆ ಇದ್ದು ಒಳಗೊಳಗೇ ಮೀಸೆ ತಿರುವುತ್ತಿದ್ದರು. ಪಕ್ಕದ ಕೋಣೆಯ ಲೆಕ್ಕದ ಮೇಡಂ ಎಂದಿನಂತೆ ತಮ್ಮ ಕಿಟಕಿ ಎಳೆದು ಮುಚ್ಚಿಕೊಂಡರು.

ತರಗತಿಯಲ್ಲಿ ಈಗ ಸೂಜಿ ಬಿದ್ದರೂ ಕೇಳಿಸುವ ಮೌನ. ಮೇಷ್ಟ್ರು ಪಾಠ ಮಾಡಿದರು, ಪ್ರಶ್ನೆ ಕೇಳಿದರು, ಯಾರೂ ಕೈ ಎತ್ತದ್ದರಿಂದ ಉತ್ತರವನ್ನೂ ತಾವೇ ಹೇಳಿಕೊಂಡರು. ಗಂಟೆ ಹೊಡೆಯಿತು. ಅವರು ಬಾಗಿಲು ದಾಟಿದ್ದೇ ತಡ, ಬೆನ್ನ ಹಿಂದೆ ಕಟ್ಟೆ ಒಡೆಯಿತು. ಬೆಂಚು ಎಳೆದ ಸದ್ದು, ಶಿಳ್ಳೆ, ಯಾರದೋ ಚೀಲ ಗೋಡೆಗೆ ಬಡಿದ ಸದ್ದು, ಎಲ್ಲಕ್ಕೂ ಮೇಲೆ ಕೊನೆಯ ಬೆಂಚಿನ ರೇಡಿಯೋನ ಕೋಳಿಕೂಗು. ರೇಡಿಯೋ ಅಂದರೆ ಒಬ್ಬ ಹುಡುಗ. ಅವನನ್ನು ಆರಿಸುವ ಗುಂಡಿ ಎಲ್ಲಿದೆಯೆಂದು ಹೆತ್ತವರಿಗೂ ಗೊತ್ತಿರಲಿಲ್ಲ.

ಕಾರಿಡಾರಿನ ತುದಿಯಲ್ಲಿ ಹೆಡ್ ಮೇಡಂ ಕೈ ಕಟ್ಟಿ ನಿಂತಿದ್ದರು.

“ಕೇಳಿಸ್ತಾ ಮೇಷ್ಟ್ರೇ?”

“ನಾನಿದ್ದಾಗ ಒಂದು ಉಸಿರು ಬಿಡಲ್ಲ ಮೇಡಂ ಇವು.”

“ನೀವಿದ್ದಾಗಿನ ಮಾತು ಯಾರು ಕೇಳಿದ್ರು? ನೀವು ಎದ್ದು ಬಂದ್ಮೇಲೆ ಏನಾಗುತ್ತೆ ಅಂತ ನಾನು ದಿನಾ ಕೇಳ್ತಿದೀನಿ. ಬನ್ನಿ ಒಳಗೆ.”

ತಮ್ಮ ಕೋಣೆಯಲ್ಲಿ ಅವರು ಸುತ್ತಿ ಬಳಸಿ ಮಾತಾಡಲಿಲ್ಲ. “ವಿಜ್ಞಾನ ಪ್ರದರ್ಶನದವರೆಗೂ ನೋಡ್ತೀನಿ. ಆಮೇಲೂ ಹೀಗೇ ಇದ್ರೆ ಸಿ ಸೆಕ್ಷನ್ ಒಡೆದು ಉಳಿದ ಸೆಕ್ಷನ್‌ಗಳಿಗೆ ಹಂಚಿಬಿಡ್ತೀನಿ. ನಿಮಗೆ ಪ್ರಯೋಗಶಾಲೆ ಬೀಗದ ಕೈ ಕೊಡ್ತೀನಿ, ಕ್ಲಾಸ್ ಕೊಡಲ್ಲ.”

ಮೇಷ್ಟ್ರ ಮುಖ ಬಾಡಿತು. ಎಷ್ಟೇ ಬೈದರೂ ಸಿ ಅವರ ತರಗತಿ. ಯಾವ ಮಗುವಿಗೆ ಕನ್ನಡಕ ಬೇಕಾಗಿದೆ, ಯಾವ ಮಗು ತಿಂಡಿ ತಿನ್ನದೆ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು.

“ದಂಡಂ ದಶಗುಣಂ ಅಂತಾರೆ ಮೇಡಂ. ಭಯ ಇಲ್ದೆ ಶಿಸ್ತು ಎಲ್ಲಿಂದ ಬರುತ್ತೆ? ಅಷ್ಟು ಮಕ್ಕಳು, ನನಗಿರೋದು ಒಂದೇ ಗಂಟಲು. ನಾನು ಸುಮ್ನಿದ್ರೆ ಓದೋ ಮಕ್ಕಳಿಗೆ ಅನ್ಯಾಯ ಆಗಲ್ವಾ?”

“ಆಗುತ್ತೆ. ಒಪ್ಕೊಂಡೆ. ಗದ್ದಲದಲ್ಲಿ ಪಾಠ ಆಗಲ್ಲ. ಆದ್ರೆ ಎರಡನೇ ಬೆಂಚಲ್ಲಿ ಟೈಲರ್ ಮಗಳಿದಾಳಲ್ಲ, ಚೆನ್ನಾಗಿ ಓದೋಳು. ಅವಳ ದನಿ ಹೇಗಿದೆ, ಹೇಳಿ ನೋಡೋಣ?”

ಮೇಷ್ಟ್ರು ಬಾಯಿ ತೆರೆದರು. ಅವಳ ದುಂಡು ಅಕ್ಷರ ನೆನಪಿತ್ತು, ಜಡೆಯ ರಿಬ್ಬನ್ ನೆನಪಿತ್ತು. ದನಿ ನೆನಪಿಗೆ ಬರಲೇ ಇಲ್ಲ.

ಆದರೂ ಅವರು ಸೋಲೊಪ್ಪುವ ಜಾತಿಯಲ್ಲ. ಅಂದು ಸಂಜೆಯೇ ಬಾಮೈದನ ಮನೆಗೆ ಹೋದರು. ಅವನು ಕಾರ್ಖಾನೆಯೊಂದರಲ್ಲಿ ಸುರಕ್ಷತೆಯ ಅಧಿಕಾರಿ. ಯಂತ್ರಗಳ ಸದ್ದು ಅಳೆಯುವ ಹಳೆಯ ಮೀಟರ್ ಒಂದು ಅವನ ಬಳಿ ಇತ್ತು. ಗಾಜಿನ ಹಿಂದೆ ಸಣ್ಣ ಮುಳ್ಳು, ಸದ್ದು ಏರಿದರೆ ಬಲಕ್ಕೆ ವಾಲುತ್ತಿತ್ತು.

“ಜೋಪಾನ ಭಾವ,” ಎಂದ ಅವನು. “ಇದರ ಹತ್ರ ನೀವು ಮಾತಾಡ್ಬೇಡಿ.”

ಮರುದಿನ ಮೇಷ್ಟ್ರು ಮೀಟರನ್ನು ಮೇಜಿನ ಮೇಲಿಟ್ಟು ಘೋಷಿಸಿದರು. “ಶಬ್ದದ ಪಾಠ. ಶಾಲೆಯ ಪ್ರತಿ ಜಾಗದ ಸದ್ದು ಅಳೆಯಿರಿ. ಪ್ರದರ್ಶನಕ್ಕೆ ರಟ್ಟಿನ ಕಂಬ ಮಾಡಿ ನಿಲ್ಲಿಸೋಣ. ಸದ್ದು ಹೆಚ್ಚಿದಷ್ಟೂ ಕಂಬ ಎತ್ತರ. ಎಲ್ಲಕ್ಕಿಂತ ದೊಡ್ಡ ಕಂಬ ಯಾವ ಕ್ಲಾಸಿಂದು ಅಂತ ನಿಮ್ಮ ಅಪ್ಪ ಅಮ್ಮಂದಿರೇ ಬಂದು ನೋಡ್ಲಿ!”

ಅವಮಾನವಾದರೆ ಬುದ್ಧಿ ಬರುತ್ತದೆ ಎಂಬುದು ಅವರ ಲೆಕ್ಕ.

ಮಕ್ಕಳು ಆಟದ ಮೈದಾನ ಅಳೆದರು, ಊಟದ ಕೋಣೆ ಅಳೆದರು, ಗಂಟೆಯ ಕೆಳಗೆ ನಿಂತು ಕಿವಿಮುಚ್ಚಿ ಅಳೆದರು. ಕೊನೆಗೆ ತಮ್ಮದೇ ತರಗತಿ. ಅಂಕಿ ಬರೆದುಕೊಳ್ಳುವ ಕೆಲಸ ಟೈಲರ್ ಮಗಳದು. ಮೇಷ್ಟ್ರು ಬೇಕೆಂದೇ ಕೈಕಟ್ಟಿ ನಿಂತರು. ಪಿಸುಮಾತು ಮಾತಾಯಿತು, ಮಾತು ಗುಲ್ಲಾಯಿತು, ರೇಡಿಯೋ ಕೋಳಿಯಾದ. ಮುಳ್ಳು ಮೆಲ್ಲಗೆ ಏರಿತು. ಇಷ್ಟು ಸಾಕೆನಿಸಿದಾಗ ಮೇಷ್ಟ್ರು ಎದೆ ತುಂಬ ಉಸಿರೆಳೆದು ಗುಡುಗಿದರು.

“ಬಾಯ್ಮುಚ್ಚಿ!”

ಮುಳ್ಳು ಒಂದೇ ನೆಗೆತಕ್ಕೆ ಬಲತುದಿಗೆ ಹೋಗಿ ಟಕ್ಕೆಂದು ಬಡಿಯಿತು. ಆಮೇಲೆ ಮೌನ.

ಆ ಮೌನದೊಳಗಿಂದ ಒಂದು ತೆಳುವಾದ ದನಿ ಬಂತು. “ಸರ್, ನಮ್ಮ ಕ್ಲಾಸಿಗೆ ಯಾವುದು ಬರ್ಕೊಳ್ಲಿ? ನೀವು ಕೂಗೋಕ್ ಮುಂಚಿಂದಾ, ಕೂಗಿದ್ದಾ?”

ಟೈಲರ್ ಮಗಳು ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು. ಮುಖದಲ್ಲಿ ಕೊಂಕಿರಲಿಲ್ಲ. ಅವಳಿಗೆ ನಿಜಕ್ಕೂ ಗೊತ್ತಾಗಬೇಕಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

“ಹೊರಗೆ ಹೋಗು!”

ಅವಳು ಹೋದಳು. ಪೆನ್ಸಿಲ್ ಕೈಯಲ್ಲೇ ಇತ್ತು. ಕಿಟಕಿಯ ಆಚೆ ಕಾರಿಡಾರಿನ ಗೋಡೆಗೆ ಅಂಟಿದಂತೆ ನಿಂತ ಅವಳನ್ನು ಮೇಷ್ಟ್ರು ಆ ಪಾಠ ಮುಗಿಯುವವರೆಗೂ ನೋಡದಿರಲು ಹೆಣಗಿದರು. ತರಗತಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ಮುಳ್ಳು ಎಡತುದಿಗೆ ಬಿದ್ದುಕೊಂಡಿತ್ತು. ಇಷ್ಟು ವರ್ಷ ತಾವು ಶಿಸ್ತು ಎಂದು ಕರೆದದ್ದು ಇದನ್ನೇ ಎಂದು ಅವರಿಗೆ ಹೊಳೆಯಿತು. ಆ ಮೌನ ಮೊದಲ ಸಲ ಅವರಿಗೇ ಹೆದರಿಕೆ ಹುಟ್ಟಿಸಿತು.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಹೆಂಡತಿಯನ್ನು ಕೇಳಿದರು. “ಲೇ, ನಾನು ಅಷ್ಟು ಜೋರಾಗಿ ಮಾತಾಡ್ತೀನಾ?”

ಹೆಂಡತಿ ಬಾಯಿ ತೆರೆಯುವ ಮೊದಲೇ ಮೇಲಿನ ಮನೆಯ ಅಜ್ಜಿ ಕಿಟಕಿಯಿಂದ ಉತ್ತರ ಕೊಟ್ಟರು. “ಹೂಂ ಕಣಪ್ಪಾ!”

ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಕಾಫಿ ತಂದಳು. ನಡೆದದ್ದನ್ನೆಲ್ಲ ಕೇಳಿಸಿಕೊಂಡ ಮೇಲೆ ಅವಳು ನಗಲಿಲ್ಲ. “ವರ್ಷದಲ್ಲಿ ಒಂದು ಸಲ ಬಾಯಿ ಬಿಟ್ಟಿದೆ ಆ ಕೂಸು. ಸರಿಯಾದ ಪ್ರಶ್ನೆನೇ ಕೇಳಿದೆ. ಅಲ್ವಾ?”

“ಅಲ್ವಾ ಅಂದ್ರೆ...” ಮೇಷ್ಟ್ರು ಲೋಟ ಕೆಳಗಿಟ್ಟರು. “ವಿಜ್ಞಾನದ ಪ್ರಶ್ನೆ ಅಂದ್ರೆ ಅದೇ ಕಣೇ.”

ಬೆಳಿಗ್ಗೆ ಅವರು ಡಸ್ಟರನ್ನು ಮುಟ್ಟಲಿಲ್ಲ. ತರಗತಿ ಗುಲ್ಲೆನ್ನುತ್ತಿದ್ದಾಗಲೇ ಎರಡನೇ ಬೆಂಚಿನ ಬಳಿ ಹೋಗಿ, ಪಕ್ಕದ ಮನೆಯವರ ಜೊತೆ ಮಾತಾಡುವಷ್ಟೇ ದನಿಯಲ್ಲಿ ಹೇಳಿದರು. “ನಿನ್ನೆ ನೀನು ಕೇಳಿದ್ದು ಸರಿ. ನಾನು ಕೊಟ್ಟ ಉತ್ತರ ತಪ್ಪು. ಎರಡೂ ಬರ್ಕೋಮ್ಮಾ.”

“ಏನಂದ್ರು?” ಹಿಂದಿನಿಂದ ರೇಡಿಯೋ ಕೂಗಿದ. “ಸರ್, ಕೇಳಿಸ್ಲಿಲ್ಲ!”

“ಶ್! ನೀನು ಬಾಯ್ ಮುಚ್ಚಿದ್ರೆ ತಾನೇ ಕೇಳ್ಸೋದು!” ಎಂದಳು ಅವನ ಮುಂದಿನ ಹುಡುಗಿ.

ಮೇಷ್ಟ್ರ ಕಿವಿ ನಿಮಿರಿತು. ಒಂಬತ್ತನೇ ಸಿ ತನ್ನನ್ನು ತಾನೇ ಸುಮ್ಮನಿರಿಸಿಕೊಂಡದ್ದನ್ನು ಅವರು ಹಿಂದೆಂದೂ ಕೇಳಿರಲಿಲ್ಲ.

ಹಾಗೆಂದು ಮಂತ್ರಕ್ಕೆ ಮಾವಿನಕಾಯಿ ಉದುರಲಿಲ್ಲ. ಆ ವಾರ ತರಗತಿ ಸಂತೆಯಾಯಿತು. ಗುಡುಗಿನ ಗಂಟಲು ಕೆಟ್ಟಿದೆ ಎಂದು ಸುದ್ದಿ ಹಬ್ಬಿತು. ಮೇಷ್ಟ್ರ ಕೈ ಎಷ್ಟೋ ಸಲ ಡಸ್ಟರಿನವರೆಗೆ ಹೋಗಿ ಹಿಂದೆ ಬಂತು. ಅಳತೆಗೆ ಒಂದೇ ನಿಯಮ ಇಟ್ಟರು: ಯಾರಿಂದ ಅಳತೆ ಕೆಟ್ಟಿತೋ ಅವರೇ ಶಾಲೆ ಬಿಟ್ಟ ಮೇಲೆ ಉಳಿದು ಮತ್ತೆ ಅಳೆಯಬೇಕು. ಯಾರಿಗೂ ರಿಯಾಯಿತಿ ಇಲ್ಲ.

ಖಾಲಿ ಕೋಣೆಯಂತೆ ಕೂತು ಮೌನವನ್ನು ಅಳೆಯುವ ದಿನ ಮುಳ್ಳು ಇನ್ನೇನು ನೆಲೆಗೆ ನಿಲ್ಲಬೇಕು, ಕೊನೆಯ ಬೆಂಚಿನಿಂದ “ಕೊಕ್ಕೊಕ್ಕೋ!”

ಎಲ್ಲರೂ ಕಿವಿಗೆ ಕೈ ಒಯ್ದರು. ಸಿಡಿಲು ಬೀಳಲಿಲ್ಲ. ಮೇಷ್ಟ್ರು ಮೀಟರ್ ಹಿಡಿದು ಮೆಲ್ಲಗೆ ನಡೆದು ಹೋಗಿ ಅವನ ಮುಂದಿಟ್ಟರು.

“ಇನ್ನೊಂದು ಸಲ ಕೂಗಪ್ಪಾ. ರೀಡಿಂಗ್ ಸರಿಯಾಗಿ ಸಿಗ್ಲಿಲ್ಲ.”

ರೇಡಿಯೋ ಕೂಗಲು ಹೋದ. ಗಂಟಲಿನಿಂದ ಬಂದದ್ದು ಕೋಳಿಯದ್ದಲ್ಲ, ಮೊಟ್ಟೆಯದ್ದು. ತರಗತಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರೂ ನಕ್ಕರು. ನಗು ಮುಗಿದ ಮೇಲೆ ಬಗ್ಗಿ, ಅವನಿಗಷ್ಟೇ ಕೇಳುವಂತೆ ಹೇಳಿದರು. “ಸಂಜೆ ಸಿಗು. ಇವತ್ತಿನ ಅಳತೆ ನಿಂದು, ಬಿಡಲ್ಲ.”

ಸಂಜೆ ಇಬ್ಬರೂ ಖಾಲಿ ತರಗತಿಯಲ್ಲಿ ಮೀಟರ್ ನೋಡುತ್ತ ಕೂತರು.

“ಸರ್, ಎಲ್ರ ಮುಂದೆ ಯಾಕೆ ಬೈಲಿಲ್ಲ?”

“ಎಲ್ರ ಮುಂದೆ ಬೈದ್ರೆ ನೀನು ಎಲ್ರ ಮುಂದೆ ಗೆಲ್ಲಬೇಕಾಗುತ್ತೆ. ನಾಳೆ ಇನ್ನೂ ಜೋರಾಗಿ ಕೂಗ್ತೀಯ. ನಾನು ಅದಕ್ಕಿಂತ ಜೋರಾಗಿ. ಕೊನೆಗೆ ಪಾಠ ಯಾರು ಮಾಡೋದು?”

ಹುಡುಗ ಯೋಚಿಸಿದ. “ಸುಮ್ನಿರೋದು ಭಾಳ ಕಷ್ಟ ಸರ್.”

“ನನಗೂ ಕಣೋ,” ಎಂದರು ಮೇಷ್ಟ್ರು.

ಪ್ರದರ್ಶನದ ದಿನ ಸಭಾಂಗಣ ತುಂಬಿತ್ತು. ಒಂದೊಂದು ಮೇಜಿನ ಹಿಂದೆ ಒಬ್ಬೊಬ್ಬ ಶಿಕ್ಷಕರು ನಿಂತು “ಸಾಲಾಗಿ ಬನ್ನಿ, ಮುಟ್ಟಬೇಡಿ” ಎಂದು ಕಿರುಚಿ ಕಿರುಚಿ ಬೆವತಿದ್ದರು. ಒಂಬತ್ತನೇ ಸಿಯ ಮೇಜಿನ ಹಿಂದೆ ಮೇಷ್ಟ್ರೇ ಇರಲಿಲ್ಲ. ತಾವಾಗಿಯೇ ಹೆಡ್ ಮೇಡಂ ಬಳಿ ಹೋಗಿ, “ನಾನು ಬಾಗಿಲ ಹೊರಗೆ ನಿಲ್ತೀನಿ. ನೀವು ಒಳಗಿದ್ದು ನೋಡಿ” ಎಂದು ಹೇಳಿ ಬಂದಿದ್ದರು. ಈಗ ಬಾಗಿಲ ಮರೆಯಲ್ಲಿ ನಿಂತು ಉಗುರು ಕಚ್ಚುತ್ತಿದ್ದರು.

ಒಳಗೆ ರೇಡಿಯೋ ಜನರ ಸಾಲು ನೋಡಿಕೊಳ್ಳುತ್ತಿದ್ದ. ತುಟಿಗೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಜಾಗ ತೋರಿಸಿ, ಮದುವೆಮನೆಯ ಹಿರಿಯನಂತೆ ನಮ್ರವಾಗಿ. ಟೈಲರ್ ಮಗಳು ರಟ್ಟಿನ ಕಂಬಗಳನ್ನು ತೋರಿಸಿ ವಿವರಿಸುತ್ತಿದ್ದಳು. ಅವಳ ದನಿ ಸಣ್ಣದು. ಅದನ್ನು ಕೇಳಬೇಕೆಂದು ಮುಂದಿನವರು ಬಗ್ಗಿದರು, ಹಿಂದಿನವರು ಸುಮ್ಮನಾದರು, ಪಕ್ಕದ ಮೇಜಿನವರೂ ಇತ್ತ ತಿರುಗಿದರು. ಗದ್ದಲದ ನಡುವೆ ಒಂದು ಕೆರೆಯಂತೆ ಆ ಮೌನ ಹರಡುತ್ತ ಹೋಯಿತು. ಗುಂಪಿನಲ್ಲಿ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಓಡಿಬಂದಿದ್ದ ಟೈಲರ್ ಕಣ್ಣು ಮಿಟುಕಿಸದೆ ನಿಂತಿದ್ದ.

“ಇದು ಮೈದಾನ, ಇದು ಗಂಟೆ,” ಎಂದು ಹೆಡ್ ಮೇಡಂ ಒಂದೊಂದೇ ಕಂಬದ ಹೆಸರು ಓದಿದರು. “ಎಲ್ಲಕ್ಕಿಂತ ಎತ್ತರದ್ದು ಈ ಕೆಂಪಿಂದು. ಇದಕ್ಕೆ ಹೆಸರೇ ಇಲ್ವಲ್ಲಮ್ಮ?”

ಟೈಲರ್ ಮಗಳು ರೇಡಿಯೋನ ಮುಖ ನೋಡಿದಳು. ರೇಡಿಯೋ ನೆಲ ನೋಡಿದ.

ಬಾಗಿಲಲ್ಲಿದ್ದ ಮೇಷ್ಟ್ರಿಗೆ ಅರ್ಥವಾಯಿತು. ಕಂಬದ ಎತ್ತರದಲ್ಲಿ ಮಕ್ಕಳು ಒಂದು ಕೂದಲಷ್ಟೂ ಸುಳ್ಳು ಹೇಳಿರಲಿಲ್ಲ. ಹೆಸರನ್ನು ಮಾತ್ರ ತಮ್ಮ ಹೊಟ್ಟೆಗೆ ಹಾಕಿಕೊಂಡಿದ್ದರು. ಊರ ಮುಂದೆ ಇವರಿಗೆ ಅವಮಾನ ಮಾಡಹೊರಟಿದ್ದವರು ತಾವು. ಈ ಮಕ್ಕಳೋ ಮೇಷ್ಟ್ರ ಮಾನ ಕಾಯುತ್ತಿದ್ದಾರೆ.

ಅವರು ಒಳಗೆ ಬಂದರು. ರೇಡಿಯೋ ಮಾಡಿಕೊಟ್ಟ ದಾರಿಯಲ್ಲಿ ಹೋಗಿ, ಜೇಬಿನ ಪೆನ್ನು ತೆಗೆದು, ಕೆಂಪು ಕಂಬದ ಬುಡದಲ್ಲಿ ದಪ್ಪಗೆ ಬರೆದರು: ‘ವಿಜ್ಞಾನದ ಮೇಷ್ಟ್ರು’.

ಟೈಲರ್ ಚಪ್ಪಾಳೆ ಶುರು ಮಾಡಿದ. ಆಮೇಲೆ ಬಿದ್ದ ಚಪ್ಪಾಳೆಗೆ ಮೇಜಿನ ಮೇಲಿದ್ದ ಮೀಟರಿನ ಮುಳ್ಳು ಬಲತುದಿಗೆ ಹೋಗಿ ಅಲ್ಲೇ ನಡುಗುತ್ತ ನಿಂತಿತು. ಹೆಡ್ ಮೇಡಂ ಕಿವಿಯ ಬಳಿ ಬಂದು ಅಂದರು. “ಪ್ರಯೋಗಶಾಲೆ ಬೀಗದ ಕೈ ನನ್ನ ಹತ್ರಾನೇ ಇರ್ಲಿ ಮೇಷ್ಟ್ರೇ. ಕ್ಲಾಸಿಗೆ ಹೋಗಿ.”

ಸೋಮವಾರ ಒಂಬತ್ತನೇ ಸಿಯಲ್ಲಿ ಪಾಠ ನಡೆಯುತ್ತಿತ್ತು. ಮೇಷ್ಟ್ರು ಕೇಳಿದ ಪ್ರಶ್ನೆಗೆ ಏಳೆಂಟು ಕೈ ಎದ್ದಿದ್ದವು. ಬಾಗಿಲು ಧಡಕ್ಕನೆ ತೆರೆದು ಲೆಕ್ಕದ ಮೇಡಂ ತಲೆ ಹಾಕಿದರು. “ಏನ್ರೀ ಇದು! ಸದ್ದೇ ಇಲ್ವಲ್ಲಾ, ಇವತ್ತು ಕ್ಲಾಸ್ ಇಲ್ವಾ?”

ಕೊನೆಯ ಬೆಂಚಿನಿಂದ ರೇಡಿಯೋ ತುಟಿಗೆ ಬೆರಳಿಟ್ಟ. “ಇದೆ ಮೇಡಂ. ಸ್ವಲ್ಪ ಮೆಲ್ಲಗೆ.”

ಎರಡನೇ ಬೆಂಚಿನಲ್ಲಿ ಪೆನ್ಸಿಲ್ ಹಿಡಿದ ಕೈಯೊಂದು ಮೇಲೆದ್ದಿತು.

“ಸರ್, ಮೇಡಂದೂ ಬರ್ಕೊಳ್ಲಾ?”