ದಂಡಪಿಂಡಗಳ ಡಬ್ಬಿ

ಕನ್ನಡಕದ ಅಂಗಡಿಯವನಿಗೆ ವಾರದಲ್ಲಿ ಆರು ದಿನ ಊರವರ ಕಣ್ಣಿನ ಚಿಂತೆ, ಏಳನೆಯ ದಿನ ಯುದ್ಧದ ಚಿಂತೆ. ಯುದ್ಧ ಅಂದಕೂಡಲೇ ಗಾಬರಿಯಾಗಬೇಕಿಲ್ಲ. ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯ ಮೇಲೆ ಎರಡು ಊಟದ ಮೇಜು ಜೋಡಿಸಿ, ಹಸಿರು ಬಟ್ಟೆ ಹಾಸಿ, ಹೆಬ್ಬೆರಳೆತ್ತರದ ಸೀಸದ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ದಾಳ ಉರುಳಿಸಿ, ಟೇಪು ಹಿಡಿದು ಅಳೆದು ಆಡುವ ಯುದ್ಧ ಅದು. ನೂರೈವತ್ತು ವರ್ಷದ ಹಿಂದೆ ಎರಡು ರಾಜ್ಯಗಳು ಹೊಡೆದಾಡಿ ಮುಗಿಸಿದ್ದನ್ನು ಐದಾರು ಗಂಡಸರು ಪ್ರತಿ ಭಾನುವಾರ ಮಧ್ಯಾಹ್ನ ಮತ್ತೆ ಮೊದಲಿಂದ ಹೊಡೆದಾಡುತ್ತಿದ್ದರು. ಗೆದ್ದವರಿಗೂ ಟೀ, ಸೋತವರಿಗೂ ಟೀ. ಅವರ ಹೆಂಡತಿಯರು ಇದನ್ನು ಗೊಂಬೆಯಾಟ ಅನ್ನುತ್ತಿದ್ದರು. ಮಹಡಿಯ ಮೇಲೆ ಮಾತ್ರ ಆ ಮಾತನ್ನು ಯಾರೂ ಎತ್ತುವ ಹಾಗಿರಲಿಲ್ಲ.

ಅಲ್ಲಿ ಅವನಿಗೆ ‘ಕನ್ನಡಕ’ ಎಂದೇ ಹೆಸರು. ಸೈನಿಕರಿಗೆ ಬಣ್ಣ ಹಚ್ಚುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಮೂರೇ ಕೂದಲಿನ ಕುಂಚದಲ್ಲಿ ಕೋಟಿನ ಗುಂಡಿ, ಬೆಲ್ಟಿನ ಬಕಲ್ಲು, ಕಣ್ಣಿನ ಬಿಳಿ, ಬಿಳಿಯೊಳಗೆ ಕರಿಚುಕ್ಕೆ, ಎಲ್ಲ ಬರೆಯುತ್ತಿದ್ದ. ಆದರೆ ಪ್ಯಾಕೆಟ್ಟಿನಲ್ಲಿ ಬರುವವರೆಲ್ಲ ಹೊಡೆದಾಡುವವರಲ್ಲ. ಇಪ್ಪತ್ತು ಜನ ಬಂದೂಕಿನವರ ಜೊತೆಗೆ ಕೊಪ್ಪರಿಗೆ ಕಲಕುವ ಅಡುಗೆಯವನು, ಬಟ್ಟೆ ಹಿಂಡುವ ಹೆಂಗಸು, ಕಲ್ಲಿನ ಮೇಲೆ ಕೂತು ಬೂಟು ಕಳಚುವವನು, ಕಾಗದ ಬರೆಯುವವನು, ಇಂಥವರೂ ಬಂದುಬಿಡುತ್ತಿದ್ದರು. ಆಟದ ಪುಸ್ತಕದಲ್ಲಿ ಇವರಿಗೆ ನಿಯಮವಿಲ್ಲ, ನಿಯಮವಿಲ್ಲದ ಮೇಲೆ ಮೇಜಿನ ಮೇಲೆ ಜಾಗವೂ ಇಲ್ಲ. ಕ್ಲಬ್ಬಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಇವರಿಗೆಂದೇ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟು, ಅದರ ಮೇಲೆ ತಮ್ಮ ಚೀಟಿ ಬರೆಯುವ ಕೋಳಿಕಾಲಿನ ಅಕ್ಷರದಲ್ಲೇ ‘ದಂಡಪಿಂಡಗಳು’ ಎಂದು ಬರೆದು ಅಂಟಿಸಿದ್ದರು.

ಆ ಡಬ್ಬಿಯಲ್ಲಿ ಸ್ಟ್ರೆಚರ್ ಹೊರುವ ಇಬ್ಬರಿದ್ದರು. ಒಬ್ಬ ಮುಂದೆ, ಒಬ್ಬ ಹಿಂದೆ, ನಡುವೆ ಗಾಯಗೊಂಡವನು. ಕನ್ನಡಕ ಇವರಿಗೆ ಒಂದು ಕೈ ಬಣ್ಣ ಬಳಿದು ಕೈತೊಳೆದುಕೊಂಡಿದ್ದ. ಮುಂದಿನವನಿಗೆ ಎರಡು ಚುಕ್ಕೆಯಾದರೂ ಇಟ್ಟಿದ್ದ, ಹಿಂದಿನವನಿಗೆ ಕಣ್ಣೇ ಬರೆದಿರಲಿಲ್ಲ. ಊರವರ ಕಣ್ಣಿಗೆ ಕನ್ನಡಕ ಹಾಕುವವನ ಕೆಲಸ ನೋಡಿ!

ಈಗ ಅವನ ಭಾವನ ವಿಷಯಕ್ಕೆ ಬರೋಣ. ಅಮ್ಮ ಹೋದಾಗ ಅವನಿಗೆ ಹನ್ನೆರಡು ವರ್ಷ. ಸಾಕಿದವರು ಅಕ್ಕ ಮತ್ತು ಭಾವ. ಭಾವ ಆಗ ಸೈನ್ಯದಲ್ಲಿದ್ದರು. ಈಗ ಪೀಠೋಪಕರಣದ ಅಂಗಡಿಯಲ್ಲಿ ಬೀರು, ಮಂಚ, ಸೋಫಾಗಳನ್ನು ಜನರ ಮನೆಗೆ ತಲುಪಿಸುವ ಕೆಲಸ. ನಾಲ್ಕನೆಯ ಮಹಡಿಗೆ ಇಕ್ಕಟ್ಟಿನ ಮೆಟ್ಟಿಲಲ್ಲಿ ಬೀರು ಏರಿಸಬೇಕಾದರೆ ಅವರನ್ನೇ ಕರೆಯಬೇಕು, ಗೋಡೆಗೆ ಒಂದು ಗೀರು ಬೀಳುವುದಿಲ್ಲ. ಈ ವಿದ್ಯೆ ಅವರು ಕಲಿತದ್ದು ಸೈನ್ಯದಲ್ಲೇ. ಅಲ್ಲಿ ಅವರು ಸ್ಟ್ರೆಚರ್ ಹೊರುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಶತ್ರುವಿನ ಕಡೆಗೆ ಒಂದು ಗುಂಡೂ ಹಾರಿಸಿದವರಲ್ಲ. ಒಮ್ಮೆ ಒಂದೇ ದಿನದಲ್ಲಿ ಒಂದು ಬೆಟ್ಟದಿಂದ ಹನ್ನೊಂದು ಜನರನ್ನು ಹೊತ್ತು ಕೆಳಗೆ ತಂದಿದ್ದರು. ಅದನ್ನೂ ಅವರಾಗಿ ಹೇಳಿದ್ದಲ್ಲ, ಅಕ್ಕ ಹೇಳಿದ್ದು.

ಕನ್ನಡಕ ಕ್ಲಬ್ಬಿಗೆ ಸೇರಿದ ಹೊಸತರಲ್ಲಿ ಒಬ್ಬೊಬ್ಬರೂ ತಮ್ಮ ಮನೆತನದ ಶೌರ್ಯ ಹೇಳಿಕೊಳ್ಳುತ್ತಿದ್ದಾಗ ಇವನಿಗೂ ನಾಲಿಗೆ ತುರಿಸಿತು. ನಮ್ಮ ಭಾವ ಬೆಟ್ಟದ ಮೇಲೆ ಒಂದೇ ದಿನ ಹನ್ನೊಂದು ಜನರನ್ನು ಉರುಳಿಸಿದವರು ಅಂದ. ಇಳಿಸಿದ ಹನ್ನೊಂದು ಜನ ಇವನ ಬಾಯಲ್ಲಿ ಉರುಳಿಸಿದ ಹನ್ನೊಂದಾದರು. ಒಂದಕ್ಕೆ ಹತ್ತು ಸೇರಿಸುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಇವನು ಲೆಕ್ಕ ಸರಿಯಾಗಿಟ್ಟು ಸತ್ಯವನ್ನು ತಲೆಕೆಳಗು ಮಾಡಿದ. ಯಾಕೆಂದರೆ, ಹೇಳಿಯೇ ಬಿಡಬೇಕು, ಹೊರುವವರು ಅವನ ಮನಸ್ಸಿನಲ್ಲಿಯೂ ಆ ಡಬ್ಬಿಯೊಳಗೇ ಇದ್ದರು.

ಸುಳ್ಳು ಮೂರು ವರ್ಷ ತಣ್ಣಗಿತ್ತು. ಕ್ಲಬ್ಬಿನ ವಾರ್ಷಿಕ ಆಟ ಬಂದಾಗ ಡಾಕ್ಟರು ಪಟ್ಟು ಹಿಡಿದರು. “ನಿಮ್ಮ ಭಾವನ್ನ ಕರ್ಕೊಂಡು ಬಾರೋ. ನಾವೆಲ್ಲ ಸೀಸದ ಶೂರರು, ಒಬ್ಬ ನಿಜವಾದೋರು ಬಂದು ಶುರು ಮಾಡ್ಲಿ.”

ಮನೆಯಲ್ಲಿ ಹೇಳಿದರೆ ಭಾವ ನಕ್ಕರು. “ನನ್ನನ್ನ ಯಾಕಪ್ಪ? ನಾನು ಹೊತ್ತೋನು, ಹೊಡೆದೋನಲ್ಲ.”

“ಅದೆಲ್ಲ ಯಾರು ಕೇಳ್ತಾರೆ ಭಾವ, ನೀವು ಬಂದ್ರೆ ಸಾಕು” ಅಂದ.

ಭಾನುವಾರ ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಡಾಕ್ಟರು ಕುರ್ಚಿ ಎಳೆದು ಕೂರಿಸಿದರು, ಕರೆಂಟ್ ಆಫೀಸಿನ ಎಂಜಿನಿಯರು ಟೀ ತಂದುಕೊಟ್ಟರು. ಲೋಟ ಇನ್ನೂ ತುಟಿಗೆ ತಾಗಿರಲಿಲ್ಲ, ಡಾಕ್ಟರು ಕೇಳಿಯೇಬಿಟ್ಟರು. “ಸರ್, ಆ ಬೆಟ್ಟದ ಮೇಲೆ ಹನ್ನೊಂದು ಜನರನ್ನ ನೀವೊಬ್ರೇ ಉರುಳಿಸಿದ್ರಂತೆ. ನಮ್ಮ ಕನ್ನಡಕ ಹೇಳ್ತಾನೇ ಇರ್ತಾನೆ.”

ಭಾವ ನಿಧಾನವಾಗಿ ಅವನ ಕಡೆ ನೋಡಿದರು. ಅವನು ಬಿಸ್ಕತ್ತಿನ ತಟ್ಟೆಯಲ್ಲಿ ಏನೋ ಹುಡುಕುತ್ತಿದ್ದ. ಕಿವಿ ಮಾತ್ರ ಕೆಂಡವಾಗಿತ್ತು.

“ಹನ್ನೊಂದು” ಅಂದರು ಭಾವ. “ಲೆಕ್ಕ ಸರಿಯಾಗಿದೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಕನ್ನಡಕನೂ ತಟ್ಟಿದ. ಬದುಕಿದೆಯಾ ಬಡಜೀವವೇ ಅಂದುಕೊಂಡ. ನಾಚಿಕೆಯ ಮೊದಲ ತುತ್ತು ಬಾಯಿಗೆ ಬಂದದ್ದು ಆಗಲೇ, ಆದರೆ ಅದನ್ನು ಟೀ ಕುಡಿದು ಇಳಿಸಿಕೊಂಡ.

ಆಟ ಶುರುವಾಯಿತು. ಭಾವನಿಗೆ ಎಡಗಡೆಯ ಕಾಲಾಳುಗಳನ್ನು ಕೊಟ್ಟರು. ಅವರು ದಾಳ ಹಿಡಿಯುವ ಮೊದಲು ಬದಿಯಲ್ಲಿದ್ದ ಡಬ್ಬಿಯ ಚೀಟಿಯನ್ನು ಓದಿದರು. ಮುಚ್ಚಳ ತೆಗೆದು ಬೆರಳಾಡಿಸಿ, ಸ್ಟ್ರೆಚರಿನ ಇಬ್ಬರನ್ನು ಎತ್ತಿ, ಅಂಗೈಮೇಲಿಟ್ಟು ನೋಡಿ, ತಮ್ಮ ಸೈನಿಕರ ಹಿಂದೆ ಇಟ್ಟುಕೊಂಡರು. ಯಾರೂ ತಡೆಯಲಿಲ್ಲ. ಹಿರಿಯರು, ಅತಿಥಿಗಳು.

ಮೊದಲ ಸರದಿಯಲ್ಲೇ ಭಾವನ ಮೂವರು ಬಿದ್ದರು. ಬಿದ್ದವರನ್ನು ಕೈಯಲ್ಲೆತ್ತಿ ತಟ್ಟೆಗೆ ಹಾಕುವುದು ಆಟದ ಕ್ರಮ. ಡಾಕ್ಟರು ಕೈ ಚಾಚಿದರು.

“ಸ್ವಲ್ಪ ಇರಿ ಸರ್” ಎಂದ ಭಾವ, ಟೇಪು ಹಿಡಿದು ಆರು ಅಂಗುಲ ಅಳೆದು ಸ್ಟ್ರೆಚರನ್ನು ಮುಂದೆ ಸರಿಸಿದರು. “ಇನ್ನೆರಡು ಸರದೀಲಿ ತಲುಪ್ತಾರೆ.”

“ಅವಕ್ಕೆ ರೂಲ್ಸೇ ಇಲ್ಲ ಸರ್.”

“ರೂಲ್ಸ್ ಇಲ್ದಿದ್ರೂ ಹೋಗ್ಬೇಕಲ್ಲ.”

ಎಂಜಿನಿಯರಿಗೆ ನಗು ತಡೆಯಲಾಗಲಿಲ್ಲ. “ಇದೇನ್ರೀ ಇದು! ಹನ್ನೊಂದು ಜನರನ್ನ ಉರುಳಿಸಿದೋರು ಸ್ಟ್ರೆಚರ್ ಹಿಡ್ಕೊಂಡು ಹೊರಟಿದಾರೆ!”

ಭಾವ ಟೇಪಿನಿಂದ ತಲೆಯೆತ್ತಿ ಏನೋ ಹೇಳಲು ಹೊರಟರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಕನ್ನಡಕ ಎಲ್ಲರಿಗಿಂತ ಜೋರಾಗಿ ನಕ್ಕ. ಕೈ ಚಾಚಿ ಭಾವನ ಬೆರಳ ಸಂದಿಯಿಂದಲೇ ಸ್ಟ್ರೆಚರ್ ಕಿತ್ತುಕೊಂಡ. “ಭಾವ ತಮಾಷೆ ಮಾಡ್ತಿದಾರೆ. ಈ ದಂಡಪಿಂಡಗಳನ್ನ ಯಾರಾದ್ರೂ ಮೇಜಿನ ಮೇಲೆ ಇಡ್ತಾರಾ?” ಎಂದು ಡಬ್ಬಿಗೆ ಎಸೆದ. ತಗಡಿಗೆ ಸೀಸ ಬಡಿದು ಠಣ್ ಅಂದಿತು.

ಭಾವನ ಕೈ ಸ್ಟ್ರೆಚರ್ ಇದ್ದ ಜಾಗದ ಮೇಲೆ ಒಂದು ಗಳಿಗೆ ಹಾಗೇ ನಿಂತಿತ್ತು. ಆಮೇಲೆ ಅವರು ದಾಳ ತೆಗೆದುಕೊಂಡು ಸಂಜೆಯವರೆಗೂ ನಿಯಮದ ಪ್ರಕಾರವೇ ಆಡಿ, ಅಚ್ಚುಕಟ್ಟಾಗಿ ಸೋತರು.

ಕನ್ನಡಕ ಸ್ಕೂಟರ್ ತರಲು ಮುಂಚೆ ಇಳಿದ. ಹಾಳು ಸ್ಕೂಟರು ಹತ್ತು ಕಿಕ್ ಹೊಡೆದರೂ ಏಳಲಿಲ್ಲ. ಕೊನೆಗೂ ಎದ್ದಾಗ ಭಾವ ಮೆಟ್ಟಿಲಿಳಿದು ಬಂದು ಹಿಂದೆ ಕೂತರು.

“ಆ ಹಿಂದಿನವನಿಗೆ ಕಣ್ಣೇ ಬರೆದಿಲ್ವಲ್ಲೋ ನೀನು” ಅಂದರು ಅರ್ಧ ದಾರಿಯಲ್ಲಿ.

“ಅವು ಆಟಕ್ಕೆ ಬರಲ್ಲವಲ್ಲ ಭಾವ.”

“ಹೌದೌದು” ಅಂದರು.

ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು ದಿನ ಮಾತು ಬಿಟ್ಟಿದ್ದರೂ ಆಗುತ್ತಿತ್ತು. ಭಾವ ಎಂದಿನಂತೆಯೇ ಇದ್ದರು. ಬೆಳಗ್ಗೆ ಅವನ ಸ್ಕೂಟರಿನ ಪ್ಲಗ್ ಬಿಚ್ಚಿ ಒರೆಸಿಟ್ಟರು, ಊಟಕ್ಕೆ ಕೂತಾಗ ಅವನ ಲೋಟಕ್ಕೆ ನೀರು ಬಗ್ಗಿಸಿದರು. ಒಂದೊಂದು ಉಪಕಾರವೂ ಅವನಿಗೆ ಬರೆ ಎಳೆದ ಹಾಗಾಗುತ್ತಿತ್ತು. ಅಂಗಡಿಯಲ್ಲಿ ಗಿರಾಕಿಯ ಮೂಗಿನ ಮೇಲೆ ಫ್ರೇಮು ಇಟ್ಟು, ಕೆಳಗಿನ ಸಾಲು ಓದಿ ಎನ್ನುವಾಗಲೂ ಆ ಠಣ್ ಕೇಳುತ್ತಿತ್ತು. ಭಾವನ ಬೆರಳಿಂದ ಕಿತ್ತುಕೊಂಡೆನಲ್ಲ, ಅನ್ನ ಹಾಕಿದ ಬೆರಳಿಂದ, ಎಂದು ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ.

ಒಂದು ದಿನ ಅಕ್ಕ ಬಟ್ಟೆ ಮಡಿಸುತ್ತ ಆ ಬಿಳಿ ಅಂಗಿ ಎತ್ತಿಟ್ಟಳು. “ನೋಡು, ನಮ್ಮ ಮದುವೆ ದಿನಕ್ಕೂ ಅಂಗಿ ಇಸ್ತ್ರಿ ಮಾಡ್ಕೊಂಡೋರಲ್ಲ ಇವ್ರು. ಅವತ್ತು ಎರಡೆರಡು ಸಲ ಮಾಡಿದ್ರು ಕಣೋ. ಹುಡುಗ ನನ್ನನ್ನ ಅವನ ಸ್ನೇಹಿತರಿಗೆ ತೋರಿಸ್ತಾನಂತೆ ಅಂತ.” ಅವನು ಅಲ್ಲಿ ನಿಲ್ಲಲಾರದೆ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದ.

ಕ್ಲಬ್ಬಿನಲ್ಲೂ ಏನೋ ಬದಲಾಗಿತ್ತು. ಎಲ್ಲರೂ ಅವನೊಂದಿಗೆ ಅತಿ ನಯವಾಗಿದ್ದರು. ಯಾರೂ ಭಾವನ ಹೆಸರೆತ್ತಲಿಲ್ಲ. ಎಂಜಿನಿಯರು ಎರಡು ಸಲ ತಾವಾಗಿ ಟೀ ಬಗ್ಗಿಸಿಕೊಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಸ್ಥಿತಿ ಇವನದು, ಇಲ್ಲಿ ಕಳ್ಳ ಅಂದವರೂ ಇಲ್ಲ. ಮೂರು ಭಾನುವಾರ ಹಾಗೇ ಕಳೆದ. ನಾಲ್ಕನೆಯ ಭಾನುವಾರ ಸೈನಿಕರನ್ನು ನಿಲ್ಲಿಸುವ ಮೊದಲೇ ಎದ್ದು ನಿಂತ.

“ನಾನೊಂದು ಸುಳ್ಳು ಹೇಳಿದ್ದೆ. ನಮ್ಮ ಭಾವ ಯಾರನ್ನೂ ಹೊಡೆದಿಲ್ಲ. ಸ್ಟ್ರೆಚರ್ ಹೊರ್ತಿದ್ರು. ಆ ಹನ್ನೊಂದು ಜನ ಅವರು ಹೊತ್ತು ತಂದೋರು.”

ಯಾರೂ ಬೆಚ್ಚಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಅದೂ ಇವನೇ ಮಾಡಿಕೊಟ್ಟದ್ದು.

“ಗೊತ್ತು ಕಣೋ” ಅಂದರು. “ಅವತ್ತೇ ಹೇಳಿದ್ರು. ನೀನು ಸ್ಕೂಟರ್ ತರೋಕೆ ಇಳಿದ್ಯಲ್ಲ, ಆಗ.”

“ಏನಂದ್ರು?”

“‘ಸುಳ್ಳಿನ ಮೇಲೆ ನಿಮ್ಮ ಟೀ ಕುಡಿದು ಹೋಗೋಕೆ ಮನಸ್ಸು ಒಪ್ಪಲ್ಲ, ಅದಕ್ಕೆ ಹೇಳ್ತಿದೀನಿ’ ಅಂದ್ರು. ‘ನಾನು ಹೇಳಿದ್ದು ಅವನಿಗೆ ಗೊತ್ತಾಗೋದು ಬೇಡ, ನಾಚ್ಕೊಳ್ತಾನೆ’ ಅಂತಾನೂ ಅಂದ್ರು.”

ಎಂಜಿನಿಯರು ತಲೆಯೆತ್ತದೆ ದಾಳ ತಿರುಗಿಸುತ್ತ ಕೂತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಕನ್ನಡಕನಿಗೆ. ಒಂದು ತಿಂಗಳು ಇವರೆಲ್ಲರ ನಡುವೆ ವೀರನ ಭಾವಮೈದುನನಾಗಿ ಓಡಾಡಿದ್ದ, ಇವರೆಲ್ಲ ಬಲ್ಲವರಾಗಿಯೇ ಟೀ ಬಗ್ಗಿಸಿಕೊಟ್ಟಿದ್ದರು, ಭಾವ ಹೇಳಿದ್ದರೆಂಬ ಒಂದೇ ಕಾರಣಕ್ಕೆ. ಡಬ್ಬಿಯಿಂದ ಆ ಇಬ್ಬರನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿಕೊಂಡು ಇಳಿದ.

ಭಾವ ಮನೆಯ ಮುಂಬಾಗಿಲ ಮೆಟ್ಟಿಲ ಮೇಲೆ ಕೂತು, ಬೀರು ಹೊರುವ ದಪ್ಪ ಪಟ್ಟಿಯ ಹರಿದ ಅಂಚಿಗೆ ಹೊಲಿಗೆ ಹಾಕುತ್ತಿದ್ದರು. ಅವನು ಒಳಗಿಂದ ಕುಂಚ, ಬಿಳಿ ಬಣ್ಣ, ಕರಿ ಬಣ್ಣ ತಂದು ಒಂದು ಮೆಟ್ಟಿಲು ಕೆಳಗೆ ಕೂತ. ತಪ್ಪಾಯ್ತು ಭಾವ ಎಂಬ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಬಾಯಿಗೆ ಬಂದದ್ದು ಬೇರೆ.

“ಕಣ್ಣು ಬರೀತೀನಿ ಭಾವ. ಹಿಂದಿನವನು ಎಲ್ಲಿ ನೋಡ್ತಿರ್ತಾನೆ? ಮಲಗಿದೋನ ಮುಖ ತಾನೆ?”

ಭಾವ ಕರವಸ್ತ್ರದೊಳಗಿನ ಇಬ್ಬರನ್ನು ನೋಡಿದರು, ಅವನನ್ನು ನೋಡಿದರು. ಎಲ್ಲಿಗೆ ಹೋಗಿದ್ದೆ, ಏನು ಹೇಳಿ ಬಂದೆ ಎಂದು ಕೇಳಲಿಲ್ಲ. ಸೂಜಿ ಪಟ್ಟಿಗೆ ಚುಚ್ಚಿ ನಿಲ್ಲಿಸಿದರು.

“ಅಲ್ಲಪ್ಪ. ಮೊದಮೊದಲು ನಾನೂ ಮುಖಾನೇ ನೋಡ್ತಿದ್ದೆ. ಆಮೇಲೆ ಗೊತ್ತಾಯ್ತು. ಮಲಗಿದೋನಿಗೆ ನೋವಿಗಿಂತ ನಾಚಿಕೆ ಜಾಸ್ತಿ ಇರುತ್ತೆ, ಇನ್ನೊಬ್ರು ಹೊರೋ ಹಾಗಾಯ್ತಲ್ಲ ಅಂತ. ನಾವು ಮುಖ ನೋಡಿದ್ರೆ ಪಾಪ, ಅಳು ತಡ್ಕೊಳೋಕೆ ಒದ್ದಾಡ್ತಾನೆ. ಅದಕ್ಕೆ ಅವನ ತಲೆ ಮೇಲಿಂದ ಎಲ್ಲೋ ದೂರ ನೋಡ್ಕೊಂಡು ನಡೆಯೋದು. ಅವನ ಪಾಡಿಗೆ ಅವನು ಅತ್ಕೊಳ್ಲಿ ಅಂತ ಬಿಡೋದು.”

ಇದನ್ನು ಹೇಳುವಾಗ ಭಾವ ಅವನ ಕಡೆ ನೋಡುತ್ತಿರಲಿಲ್ಲ. ಎದುರು ಮನೆಯ ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳನ್ನು ನೋಡುತ್ತಿದ್ದರು. ಮಾತು ಮುಗಿದ ಮೇಲೂ, ಅವನು ಮುಖ ಒರೆಸಿಕೊಂಡು ಕುಂಚ ಕೈಗೆತ್ತಿಕೊಳ್ಳುವವರೆಗೂ, ಅಲ್ಲೇ ನೋಡುತ್ತಿದ್ದರು.